ಮೂರು ಬೆರಳಿನ ಕಂಬಳಿ

ಪಂಜಾಬಿನಿಂದ ಬಂದ ಪಾರ್ಸೆಲ್ಲನ್ನು ಮಾಳು ಟೆಂಪೋದ ಸೀಟಿನ ಮೇಲೆಯೇ ಬಿಚ್ಚಿದ. ಮನೆಗೆ ಒಯ್ದರೆ ಅವ್ವ ಎದುರಿಗೇ ಕೂತು ಬುಡದಿಂದ ತುದಿಯವರೆಗೆ ವಿಚಾರಿಸುತ್ತಾಳೆ. ಪೊಲೀಸರಾದರೂ ನಡುವೆ ಚಹಾಕ್ಕೆ ಎದ್ದಾರು, ಸೋಮವ್ವ ಏಳುವವಳಲ್ಲ.

ಒಳಗೆ ಗೇಣುದ್ದದ ಮಿಲಿಟರಿ ಟ್ರಕ್ಕು. ಸೈನ್ಯದಲ್ಲಿ ಅವನು ವರ್ಷಗಟ್ಟಲೆ ಓಡಿಸಿದ ಗಾಡಿಯೇ, ಮೂವತ್ತೈದು ಪಾಲಿಗೆ ಒಂದು ಪಾಲಾಗಿ ಬಂದು ನಿಂತಿತ್ತು. ಜೊತೆಗೊಂದು ಚಪ್ಪಟೆ ಡಬ್ಬಿ. ಅದರಲ್ಲಿ ಗಾಡಿಗೆ ಹೇರುವ ಸಾಮಾನು: ಡೀಸೆಲ್ ಕ್ಯಾನು, ಸಲಿಕೆ, ಗುದ್ದಲಿ, ಬಕೆಟ್ಟು, ಸುತ್ತಿಟ್ಟ ತಾಡಪತ್ರಿ, ಜಗ್ಗುವ ಹಗ್ಗ. ಎಲ್ಲವೂ ಪ್ಲಾಸ್ಟಿಕ್ ಕಡ್ಡಿಗಳಿಗೆ ಕಾಯಿ ಕಚ್ಚಿದ ಹಾಗೆ ಅಂಟಿಕೊಂಡಿದ್ದವು. ಒಂದೊಂದಾಗಿ ಬಿಡಿಸಿ, ಬಣ್ಣ ಹಚ್ಚಿ, ಅಂಟಿಸಬೇಕು.

ಅದೇ ಗಾಡಿಯಲ್ಲಿ ಅವನ ಜೊತೆಗಾರನಾಗಿದ್ದ ಗುರ್ಮೇಜ್ ಸಿಂಗ್ ಹಿಂದಿಯಲ್ಲಿ ಕಾಗದ ಬರೆದಿದ್ದ. 'ಗಾಡಿ ನಾನು ಕೂಡಿಸಿದ್ದೇನೆ, ಸಾಮಾನು ನೀನು ಹೇರು. ಡಬ್ಬಿಯಲ್ಲಿ ಎಲ್ಲ ಇದೆ, ನಿಮ್ಮವ್ವನ ಕಂಬಳಿಯೊಂದು ಇಲ್ಲ. ನೀನು ಕೊಯ್ದು ನನಗೆ ಹೊದಿಸಿದ ಅರ್ಧ ಇನ್ನೂ ನನ್ನ ಹತ್ತಿರ ಇದೆ. ಈಗ ಅದರ ಮೇಲೆ ನನ್ನ ಮೊಮ್ಮಗಳು ಮಲಗುತ್ತಾಳೆ. ಈ ಗಾಡಿಯನ್ನು ನಿಮ್ಮವ್ವನ ಕೈಯಲ್ಲಿ ಕೊಡು.'

ಮಾಳು ಕಾಗದವನ್ನು ಮಡಚಿ ಸೀಟಿನ ಕೆಳಗೆ ತುರುಕಿದ. ಕೊಯ್ದ ಸಂಗತಿ ಅವ್ವನಿಗೆ ಗೊತ್ತಿರಲಿಲ್ಲ.

ಆ ಕಂಬಳಿಯ ಉಣ್ಣೆ ಅವರದೇ ಕುರಿಗಳದು. ನೂತವಳು ಸೋಮವ್ವ, ನೇಯ್ದವನು ಅಪ್ಪ ಜಕ್ಕಪ್ಪ. ಮಗನ ಹೆಗಲಿಗೆ ಹಾಕುವಾಗ ಅಪ್ಪ ಹೇಳಿದ್ದು ಒಂದೇ ಮಾತು: "ಇದಕ್ಕ ಕತ್ತರಿ ಹಚ್ಚಬ್ಯಾಡ." ಮರುವರ್ಷ, ತೊಂಬತ್ತೆಂಟರ ಚಳಿಗಾಲದಲ್ಲಿ, ಲಡಾಖಿನ ಘಾಟಿನಲ್ಲಿ ಹಿಮ ಬಿದ್ದು ದಾರಿ ಮುಚ್ಚಿತು. ಚಕ್ರದ ಮುಂದಿನ ಹಿಮ ತೋಡಲು ಇಳಿದ ಗುರ್ಮೇಜ್ ಹಳ್ಳಕ್ಕೆ ಜಾರಿ, ಕುತ್ತಿಗೆಯವರೆಗೆ ತೊಯ್ದು ಬಂದ. ಅವನ ಹಲ್ಲು ಕಟಕಟ ಅನ್ನುತ್ತಿದ್ದವು. ಬಾನೆಟ್ಟಿಗೆ ಏನನ್ನಾದರೂ ಹೊದಿಸದಿದ್ದರೆ ಎಂಜಿನ್ನು ಹೆಪ್ಪುಗಟ್ಟುತ್ತದೆ, ಆಮೇಲೆ ಇಬ್ಬರಿಗೂ ಉಳಿಗಾಲವಿಲ್ಲ. ಇದ್ದದ್ದು ಒಂದೇ ಕಂಬಳಿ. ಮಾಳು ಚಾಕು ತೆಗೆದ. ಬೆಳಿಗ್ಗೆ ಮೂರನೇ ಸಲಕ್ಕೆ ಎಂಜಿನ್ನು ಗುರ್ ಅಂದಿತು, ಗುರ್ಮೇಜನೂ ಕಣ್ಣು ತೆರೆದ. ಬಾನೆಟ್ಟಿನ ಮೇಲಿನ ಅರ್ಧ ಮಾತ್ರ ಕಟ್ಟಿಗೆಯಂತೆ ಸೆಟೆದು, ಬಿಡಿಸುವಾಗ ಚೂರುಚೂರಾಯಿತು.

ರಜೆಗೆ ಬರುವಷ್ಟರಲ್ಲಿ ಅಪ್ಪ ತೀರಿಕೊಂಡಿದ್ದ. ಅವ್ವ ಕಂಬಳಿ ಎಲ್ಲಿ ಎಂದು ಕೇಳಿದಳು. ಅಪ್ಪನ ಕೊನೆಯ ಕಂಬಳಿಗೆ ಚಾಕು ಹಾಕಿದೆ ಎನ್ನಲು ಬಾಯಿ ಬರಲಿಲ್ಲ. "ಕಳೀತು" ಅಂದುಬಿಟ್ಟ. ಮುಂದೆ ಊರು ಅಣೆಕಟ್ಟಿನ ಹಿನ್ನೀರಿನ ಪಾಲಾಯಿತು, ಕುರಿ ಮಾರಿದರು, ಮನೆ ಬೀಳಗಿ ಕಡೆಯ ಪುನರ್ವಸತಿ ಕೇಂದ್ರಕ್ಕೆ ಬಂತು. ಪ್ರತಿ ಅಮಾವಾಸ್ಯೆಗೆ ಮನೆದೇವರು ಬೀರಪ್ಪನನ್ನು ಕೂರಿಸಲು ಕಂಬಳಿ ಬೇಕು. ಸೋಮವ್ವ ಪಕ್ಕದ ಮನೆಯ ಯಂಕವ್ವನ ಕಂಬಳಿ ಕೇಳಿ ತಂದು ಹಾಸುತ್ತಿದ್ದಳು. ಹೊಸದು ತರುತ್ತೇನೆಂದರೆ ಬೇಡ ಅನ್ನುತ್ತಿದ್ದಳು. ಹೀಗೇ ಹದಿನಾಲ್ಕು ವರ್ಷ ಕಳೆದಿತ್ತು.

ಮಾಳು ಈಗ ಬನಹಟ್ಟಿಯ ನೇಕಾರರಿಗೆ ನೂಲಿನ ಗಂಟು ಸಾಗಿಸುತ್ತಿದ್ದ. ಅವರಲ್ಲಿ ವೀರಣ್ಣ ಬಲು ಬೇಕಾದವನು. ಅವನ ಮಗ್ಗದ ಕೋಣೆಯಲ್ಲೇ, ಸೀರೆಯ ಗಂಟು ಕೀಳುವ ಚಿಮಟ ಇಸಿದುಕೊಂಡು, ಮಾಳು ಸಾಮಾನು ಅಂಟಿಸತೊಡಗಿದ. ಕ್ಯಾನು ಬಲಕ್ಕೆ ಎಂದು ಡಬ್ಬಿಯ ಚಿತ್ರ ತೋರಿಸುತ್ತಿತ್ತು. ಚಿತ್ರ ಬರೆದವನೇನು ಘಾಟು ಹತ್ತಿದ್ದನೇ ಎಂದು ಗೊಣಗುತ್ತ ಎಡಕ್ಕೆ ಅಂಟಿಸಿದ.

ಕೊನೆಗೆ ಕಂಬಳಿಯೊಂದು ಉಳಿಯಿತು. ಮನೆಯಲ್ಲಿ ಗೋಡೆಯ ಗೂಟಕ್ಕೆ ನೇತುಬಿಟ್ಟಿದ್ದ ಅವ್ವನ ನೂಲುವ ಕದರಿನಲ್ಲಿ ಹಳೆಯ ಕುರಿಗಳ ಕರಿ ನೂಲು ಸ್ವಲ್ಪ ಸುತ್ತಿಕೊಂಡಿತ್ತು. ಅದನ್ನು ಕದ್ದು ತಂದು ವೀರಣ್ಣನ ಕೈಗೆ ಕೊಟ್ಟ.

"ಮೂರು ಬೆರಳಗಲ ಸಾಕ್ರಿ. ಒಂದು ಬದಿ ಕೊಯ್ದಂಗ ಇರಲಿ, ಎಳಿ ಬಿಚ್ಚಿರಲಿ."

ವೀರಣ್ಣ ನೂಲಿನ ಹುರಿ ಬಿಚ್ಚಿ ತೆಳ್ಳಗೆ ಸೀಳಿಕೊಂಡ. ಹಲಗೆಗೆ ಮೊಳೆ ಬಡಿದು, ಹಾಸು ಕಟ್ಟಿ, ಸೂಜಿಯಿಂದ ಹೊಕ್ಕು ಹಾಕಿ ಎರಡು ದಿನ ನೇಯ್ದ. ಬಾನೆಟ್ಟಿನ ಮೇಲೆ ಹೊದಿಸಿ ಎರಡು ಮೂಲೆಗೆ ದಾರ ಕಟ್ಟಿದ. ಆದರೆ ನಾಲ್ಕೂ ಬದಿ ಅಚ್ಚುಕಟ್ಟಾಗಿದ್ದವು.

"ಈ ಬದಿ ಬಿಚ್ಚಿರಲಿ ಅಂದಿದ್ನೆಲ್ರಿ?"

"ಬಿಟ್ಟಿದ್ದೆ, ಮಾಳಣ್ಣ. ಮನಸ್ಸ ಕೇಳಲಿಲ್ಲ. ಅಂಚು ಬಿಚ್ಚಿದ ಬಟ್ಟಿ ನನ್ನ ಮನ್ಯಾಗಿಂದ ಎಂದೂ ಹೋಗಿಲ್ಲ. ಮಡಚಿ ಹೊಲದೇನಿ."

ಆ ಬಿಚ್ಚಿದ ಬದಿ ತೋರಿಸಿಯೇ ಅವ್ವನಿಗೆ ಹೇಳಿಬಿಡಬೇಕೆಂದಿದ್ದ ಮಾಳುವಿಗೆ ಸಿಟ್ಟು ಬರಬೇಕಿತ್ತು, ನಿರಾಳವಾಯಿತು. ಕೊಯ್ದದ್ದನ್ನು ನೇಕಾರ ಮುಚ್ಚಿಹಾಕಿದ್ದ. ಇನ್ನು ಅವ್ವನಿಗೆ ಹೇಳುವ ಪ್ರಮೇಯವೇ ಇಲ್ಲ. ಗಾಡಿಯ ಮೇಲೆ ಹಾಕಿದ್ದೆ, ಹಿಮದಲ್ಲಿ ಹೋಯಿತು ಎಂದರೆ ಮುಗಿಯಿತು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದ.

ಸೋಮವ್ವ ಗಾಡಿಯನ್ನು ಮಡಿಲಲ್ಲಿಟ್ಟುಕೊಂಡಳು. ಚಕ್ರ ತಿರುಗಿಸಿ ನೋಡಿದಳು, ಕ್ಯಾನು ಮುಟ್ಟಿದಳು. ಬೆರಳು ಕಂಬಳಿಗೆ ತಾಗಿದ್ದೇ ಅಲ್ಲೇ ನಿಂತಿತು.

"ಇದು ನನ್ನ ನೂಲು. ಕದರು ಬರಿದಾಗಿದ್ದು ಎಂಟು ದಿನದ ಹಿಂದ ನೋಡೀನಿ. ನೀನ ಹೇಳ್ತಿ ಅಂತ ಸುಮ್ನಿದ್ದೆ." ನಾಲ್ಕೂ ಬದಿ ಸವರಿದಳು. ಒಂದು ಬದಿಯಲ್ಲಿ ಬೆರಳು ತಡೆಯಿತು. "ಇಲ್ಲಿ ಯಾಕ ಹೊಲಿಗಿ? ನಿಮ್ಮಪ್ಪ ನೇದದ್ದಕ್ಕ ಹೊಲಿಗಿ ಎಲ್ಲಿತ್ತು?"

ನೇಕಾರನ ಚಟ ಎಂದು ವೀರಣ್ಣನ ಮೇಲೆ ಹಾಕಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅವ್ವನ ಬೆರಳು ಆ ಬದಿಯ ಮೇಲೆಯೇ ಇತ್ತು. ಮಾಳು ಟೆಂಪೋಕ್ಕೆ ಹೋಗಿ ಸೀಟಿನ ಕೆಳಗಿನ ಕಾಗದ ತಂದ.

"ಕೊಯ್ದೆ ಯವ್ವಾ. ಕಳದಿದ್ದಿಲ್ಲ." ಒಂದೊಂದು ಸಾಲಿಗೂ ಕನ್ನಡ ಹೇಳುತ್ತ ಓದಿದ. ಆ ಹಿಮದ ರಾತ್ರಿಯ ಸಂಗತಿಯನ್ನೂ ಹೇಳಿದ.

ಸೋಮವ್ವ ಕಾಗದ ಇಸಿದುಕೊಂಡು ತಿರುಗಿಸಿ ನೋಡಿದಳು.

"ಕೂಸಿನ ಹೆಸರೇನು?"

"ಬರದಿಲ್ಲ."

"ಕೇಳಿ ಬರಿ." ಆಮೇಲೆ ಅವಳ ಸಿಟ್ಟು ಹೊರಬಿತ್ತು. "ಮಳ್ಳ ಅದೀಲೇ ನೀ. ಕತ್ತರಿ ಹಚ್ಚಬ್ಯಾಡ ಅಂದಿದ್ದ ನಿಮ್ಮಪ್ಪ. ಮಗ್ಗಲದಾಂವ ಸಾಯೂದು ನೋಡಕೋತ ಕುಂದ್ರು ಅಂದಿದ್ದನೇನು? ಕಳೀತು ಅಂದಿ. ಕಳದದ್ದು ಎಂದಾರ ಸಿಕ್ಕೀತು ಅಂತ ನಾ ಹೊಸಾದು ತಗೊಳ್ಳಲಿಲ್ಲ. ಹದಿನಾಲ್ಕು ವರ್ಷ ಯಂಕವ್ವನ ಬಾಗಿಲಿಗೆ ನಿಂತೆ."

ಮಾಳು ತಲೆ ತಗ್ಗಿಸಿ ಕೂತ. ಬೈಗುಳ ಬೀಳುತ್ತಿದ್ದಂತೆ ಅವನ ಎದೆಯ ಭಾರ ಇಳಿಯುತ್ತಿತ್ತು. ಇಂಥ ತಾಯಿಯನ್ನು ಕೊಟ್ಟ ಬೀರಪ್ಪನಿಗೂ, ಹೊಲಿಗೆ ಹಾಕದೆ ಇರಲಾರದ ವೀರಣ್ಣನಿಗೂ ಮನಸ್ಸಿನಲ್ಲೇ ಕೈಮುಗಿದ.

ಮೂರು ದಿನಕ್ಕೆ ಅಮಾವಾಸ್ಯೆ. ಸೋಮವ್ವ ಜಗಲಿ ಸಾರಿಸಿದಳು, ಯಂಕವ್ವನ ಮನೆಗೆ ಹೋಗಲಿಲ್ಲ. ಗಾಡಿಯ ಬಾನೆಟ್ಟಿನಿಂದ ಕಂಬಳಿ ಬಿಡಿಸಿಕೊಂಡು, ವೀರಣ್ಣನ ಹೊಲಿಗೆಯನ್ನು ಉಗುರಿನಿಂದ ಒಂದೊಂದಾಗಿ ಕಿತ್ತಳು. ಕೊಯ್ದ ಬದಿಯ ಎಳೆಗಳು ಹೊರಗೆ ಬಂದವು. ಅದನ್ನೇ ಹಾಸಿ, ಹೆಬ್ಬೆರಳಷ್ಟರ ಬೆಳ್ಳಿ ಬೀರಪ್ಪನನ್ನು ಮೇಲೆ ಕೂರಿಸಿ ಭಂಡಾರದ ಅರಿಶಿನ ಹಾಕಿದಳು. ಒಂದು ಚಿಟಿಕೆ ಗಾಡಿಗೂ ಬಿತ್ತು.

"ದೇವರಿಗೆ ಸಣ್ಣದಾತು, ಯವ್ವಾ" ಅಂದ ಮಾಳು.

"ಉಳದದ್ದರ ಮ್ಯಾಲೆ ಕೂಸು ಮಲಗೇತಿ. ಎದ್ದೀತು, ಸುಮ್ನಿರು."

ಎಂದಿನಂತೆ ಕೇಳಲು ಬರಲಿಲ್ಲವೆಂದು ಯಂಕವ್ವ ತಾನೇ ಕಂಬಳಿ ಹೊತ್ತುಕೊಂಡು ಬಂದು ಹೊಸ್ತಿಲಲ್ಲಿ ನಿಂತಳು. ಸೋಮವ್ವ ಅದನ್ನು ಇಸಿದುಕೊಂಡು ನಡುಮನೆಯಲ್ಲಿ ಹಾಸಿದಳು.

"ಇವತ್ತ ಇದರ ಮ್ಯಾಲೆ ನೀನ ಕುಂದರವಾ. ಉಂಡ ಹೋಗಾಕಿ."