ಎಡ ಎಳೆ, ಬಲ ಬೇಡ

ಭಾವಮೈದನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರ ಹೋಗುವಾಗ ಅದನ್ನೂ ಕರೆದುಕೊಂಡು ಹೋಗಿತ್ತು. ಮನೆಯವರಿಗೆ ಇದು ಗೊತ್ತಿತ್ತು, ಮೀನಿನ ಬೋಟಿನ ಮಾಲೀಕನಿಗೆ ಗೊತ್ತಿರಲಿಲ್ಲ. ಅದೇ ಬೋಟಿನಲ್ಲಿ ಹಗ್ಗದ ಕೆಲಸ ಮಾಡುತ್ತಿದ್ದ ಅವನ ಭಾವನನ್ನು ಎಲ್ಲರೂ ಹಗ್ಗದಣ್ಣ ಎಂದೇ ಕರೆಯುತ್ತಿದ್ದರು. ಹುಡುಗನಿಗೆ ಕೆಲಸ ಕೊಡಿಸುವಾಗ ಹಗ್ಗದಣ್ಣ ಕಿವಿಯ ಸುದ್ದಿ ಎತ್ತಲಿಲ್ಲ. ಇಂಜಿನ್ ಶುರುವಾದರೆ ಬೋಟಿನಲ್ಲಿ ಎಲ್ಲರೂ ಕಿವುಡರೇ, ಒಂದು ಕಿವಿ ಕಡಿಮೆಯಾದರೆ ಯಾರಪ್ಪನ ಗಂಟು ಹೋಯಿತು ಎಂದುಕೊಂಡ.

ಹುಡುಗನನ್ನು ವಿಂಚಿಗೆ ಹಾಕಿದರು. ಬಲೆಯ ಹಗ್ಗವನ್ನು ಸುತ್ತಿಕೊಳ್ಳುತ್ತಾ ಮೇಲೆಳೆಯುವ ಕಬ್ಬಿಣದ ಉರುಳೆ ಅದು. ಹಗ್ಗದಣ್ಣ ಉರುಳೆಯ ಪಕ್ಕ ನಿಂತು ಹಗ್ಗ ಸಾಲಾಗಿ ಕೂರುವಂತೆ ನೋಡಿಕೊಳ್ಳಬೇಕು. ಭಾವಮೈದ ಆಚೆ ತುದಿಯಲ್ಲಿ ಹಿಡಿಕೆ ಹಿಡಿದು ಅದನ್ನು ಓಡಿಸಬೇಕು, ನಿಲ್ಲಿಸಬೇಕು. ಕೂಗಿದರೆ ಪ್ರಯೋಜನವಿಲ್ಲ, ಹಾಗಾಗಿ ಕೈಸನ್ನೆ. ಅದು ಮರೆಯದಿರಲೆಂದು ಹಗ್ಗದಣ್ಣನ ಹೆಂಡತಿ ಸೊಪ್ಪು ಬಿಡಿಸುತ್ತಾ ಕುಳಿತಲ್ಲೇ ತಮ್ಮನಿಗೆ ಒಂದು ಮಾತು ಕಟ್ಟಿಕೊಟ್ಟಿದ್ದಳು.

"ಎಡ ಎಳೆ, ಬಲ ಬೇಡ. ಎಡಗೈ ಎತ್ತಿದ್ರೆ ಎಳಿ, ಬಲಗೈ ಎತ್ತಿದ್ರೆ ನಿಲ್ಸು. ಇಷ್ಟೂ ತಲೇಲಿ ನಿಲ್ಲಲ್ಲ ಅಂದ್ರೆ ನೀನು ಮೀನು ಹಿಡಿಯಲ್ಲ ಕಣೋ, ಮೀನೇ ನಿನ್ನ ಹಿಡಿಯುತ್ತೆ."

ವರ್ಷಗಟ್ಟಲೆ ಸನ್ನೆ ತಪ್ಪಲಿಲ್ಲ. ಆ ದಿನವೂ ತಪ್ಪಲಿಲ್ಲ.

ಆ ದಿನ ಹಗ್ಗದಣ್ಣನ ಬಲಗೈಯ ಗವಸು ಓಡುವ ಹಗ್ಗದಡಿ ಸಿಕ್ಕಿಕೊಂಡಿತು. ಅಪಾಯವಾದರೆ ಒತ್ತಲೆಂದು ಪಕ್ಕದಲ್ಲೇ ಒಂದು ಕೆಂಪು ಗುಂಡಿ ಇತ್ತು. ಒತ್ತಿದ. ಉಪ್ಪುನೀರು ತಿಂದು ಆ ಗುಂಡಿ ಸತ್ತು ಬಹಳ ಕಾಲವಾಗಿತ್ತು. ಹೇಳಿದಾಗಲೆಲ್ಲ ಮಾಲೀಕ ಮುಂದಿನ ಟ್ರಿಪ್ಪಿಗೆ ಮಾಡಿಸೋಣ ಎನ್ನುತ್ತಿದ್ದ. ಹಗ್ಗದಣ್ಣ ಕೂಗಿದ. ಕೊನೆಗೆ ಕೈ ಎತ್ತಿದ. ಎತ್ತಲು ಉಳಿದಿದ್ದದ್ದು ಎಡಗೈ.

ಭಾವಮೈದ ಎಳೆದ.

ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈಗಿಂತ ಮೇಲೆ ಕತ್ತರಿಸಿದರು. ಇಲ್ಲದ ಕೈ ನೋಯುತ್ತದೆ, ತುರಿಸುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದು ಸದಾ ಎತ್ತಿಕೊಂಡೇ ಇರುತ್ತದೆ ಎಂದು ಹೇಳಿರಲಿಲ್ಲ. ಹಗ್ಗದಣ್ಣನ ಬಲಗೈ ಈಗ ಊಟಕ್ಕೆ ಕೂತರೂ ಮೇಲೆ, ಮಲಗಿದರೂ ಮೇಲೆ. ಬಸ್ಸು ಹತ್ತುವಾಗ ಅದು ಬಾಗಿಲಿಗೆ ಬಡಿಯುತ್ತದೆಂದು ತಲೆ ಬಗ್ಗಿಸುತ್ತಿದ್ದ, ಹಿಂದಿನವರು ನಗುತ್ತಿದ್ದರು. ಹೆಂಡತಿ ತಲೆ ಒರೆಸಲು ಬಂದರೆ "ತಾಳು, ಕೈ ಅಡ್ಡ ಇದೆ" ಎನ್ನುತ್ತಿದ್ದ. ಅವಳು ಖಾಲಿ ಗಾಳಿಯನ್ನು ಸುತ್ತಿಕೊಂಡು ಆಚೆ ಬದಿಯಿಂದ ಬರುತ್ತಿದ್ದಳು. ಒಳ್ಳೆಯ ಕೃತಕ ಕೈ ಹಾಕಿಸಿ ಅಭ್ಯಾಸ ಮಾಡಿದರೆ ಇಳಿಯಬಹುದು ಎಂದರು ಡಾಕ್ಟರು. ಅದರ ಬೆಲೆ ಕೇಳಿದ ಮೇಲೆಯೇ ಗಂಡ ಹೆಂಡತಿ ವಕೀಲರನ್ನು ಹುಡುಕಿದ್ದು.

ಲಾಯರಮ್ಮನ ಕಚೇರಿ ಹಳೆಯ ಕಟ್ಟಡವೊಂದರ ಮಹಡಿಯಲ್ಲಿತ್ತು, ಕೆಳಗೆ ಟಯರು ಅಂಗಡಿ.

"ಮಾಲೀಕರು ಕೊಟ್ಟ ಕಾಗದ ಯಾವುದಕ್ಕಾದ್ರೂ ಸಹಿ ಹಾಕಿದೀರಾ?"

"ಸಹಿ ಹಾಕೋ ಕೈನೇ ಅವರ ಬೋಟಲ್ಲಿದೆ ಮೇಡಂ."

ಆಕೆ ನಗಲಿಲ್ಲ. "ಹೆಬ್ಬೆಟ್ಟೂ ಒತ್ತಬೇಡಿ. ನಿಮಗೆ ಎರಡು ದಾರಿ ಇದೆ. ಒಂದು, ಕೆಲಸಗಾರ ಅಂತ ಪರಿಹಾರ ಕೇಳೋದು. ತಪ್ಪು ಯಾರದು ಅಂತ ಅಲ್ಲಿ ಕೆದಕಲ್ಲ, ಕೆಲಸ ಮಾಡ್ತಾ ಪೆಟ್ಟಾಯ್ತು ಅಂದ್ರೆ ಸಾಕು. ಸಿಗೋದೂ ಅಷ್ಟಕ್ಕಷ್ಟೆ, ಕೃತಕ ಕೈಗೆ ಸಾಲಲ್ಲ. ಇನ್ನೊಂದು, ಗುಂಡಿ ಕೆಟ್ಟಿದ್ದು ಗೊತ್ತಿದ್ದೂ ಸರಿ ಮಾಡಿಸ್ಲಿಲ್ಲ ಅಂತ ಮಾಲೀಕರ ಮೇಲೇ ದಾವೆ. ಗೆದ್ರೆ ಕೈ ಬರುತ್ತೆ. ಆದ್ರೆ ನೋಡಿದವರು ಬಂದು ಹೇಳಬೇಕು. ಯಾವುದಕ್ಕೂ ತಡ ಮಾಡಬೇಡಿ, ಎರಡಕ್ಕೂ ಗಡುವಿದೆ."

"ನನ್ನ ತಮ್ಮ ಹೇಳ್ತಾನೆ," ಎಂದಳು ಹೆಂಡತಿ. "ಎದುರಿಗೇ ಇದ್ದ."

ಮುಂದಿನ ಸಲ ಭಾವಮೈದ ಬಂದ. ಬಡವಾಗಿದ್ದ. ಅಪಘಾತದ ನಂತರ ಅವನು ಅಕ್ಕನ ಮನೆಗೆ ಬಂದರೂ ಬಾಗಿಲಲ್ಲೇ ನಿಂತು ಹೋಗುತ್ತಿದ್ದ. ಲಾಯರಮ್ಮ ಎಲ್ಲರಿಗೂ ಚಹಾ ಕೊಡಿಸಿ, ಟಯರಿನ ವಾಸನೆ ಬರುತ್ತದೆಂದು ಅವನ ಎಡಕ್ಕಿದ್ದ ಕಿಟಕಿ ಮುಚ್ಚಲು ಎದ್ದರು. ಅಲ್ಲಿಂದಲೇ ಕೇಳಿದರು, "ಗುಂಡಿ ಕೆಟ್ಟಿದ್ದು ನಿಮಗೆ ಯಾವಾಗ ಗೊತ್ತಾಯ್ತು?"

ಅವನು ಲೋಟ ನೋಡುತ್ತಾ ಕೂತಿದ್ದ. ಆಕೆ ಮತ್ತೆ ಕೇಳಿದರು. ಅಕ್ಕ ಮೊಣಕೈಯಿಂದ ತಿವಿದಳು.

"ಬೇಡ ಮೇಡಂ," ಎಂದ ಅವನು ಗಡಬಡಿಸಿ. "ಸಕ್ಕರೆ ಸಾಕು."

ಲಾಯರಮ್ಮ ಬಂದು ಕೂತರು. ಅವನ ಮುಖ ನೋಡುತ್ತಾ ಕೇಳಿದರು, "ಎಡಗಿವಿನಾ?"

ಅವನು ತಲೆಯಾಡಿಸಿದ.

"ಮತ್ತೆ ವಿಂಚಿನ ಕೆಲಸ ಹೇಗೆ ಮಾಡ್ತಿದ್ರಿ?"

"ಕೈಸನ್ನೆ ಮೇಡಂ," ಅಕ್ಕ ತಮ್ಮನ ಮಾನ ಉಳಿಸುವ ಅವಸರದಲ್ಲಿ ಬಾಯಿ ಹಾಕಿದಳು. "ನಾನೇ ಹೇಳಿಕೊಟ್ಟಿದ್ದು. ಎಡ ಎಳೆ, ಬಲ ಬೇಡ."

ಲಾಯರಮ್ಮ ಹಗ್ಗದಣ್ಣನ ಮಡಚಿ ಪಿನ್ನು ಹಾಕಿದ ಬಲತೋಳನ್ನು ನೋಡಿದರು. "ಅವತ್ತು ಯಾವ ಕೈ ಎತ್ತಿದ್ರಿ?"

ಉತ್ತರಿಸಿದ್ದು ಭಾವಮೈದ. "ಎಡಗೈ ಮೇಡಂ. ಎತ್ತಿದ್ದು ನೋಡಿದೆ, ಎಳ್ದೆ. ಸನ್ನೆ ಸರಿಯಾಗೇ ಇತ್ತು."

ಹೆಂಡತಿ ಕುಡಿಯದ ಲೋಟವನ್ನು ಮೇಜಿನ ಮೇಲೆ ದೂರ ಸರಿಸಿದಳು.

"ಗುಂಡಿಯ ತಪ್ಪು ಮಾಲೀಕರದೇ, ಅದು ಎಲ್ಲೂ ಹೋಗಲ್ಲ," ಎಂದರು ಲಾಯರಮ್ಮ. "ಆದ್ರೆ ಆ ಕಡೆ ವಕೀಲ ಇವರನ್ನ ಕಟಕಟೇಲಿ ನಿಲ್ಸಿ ಎಡಗಡೆಯಿಂದ ಒಂದು ಪ್ರಶ್ನೆ ಕೇಳಿದ್ರೆ ಸಾಕು. ಕಿವಿ ಕೇಳದವನನ್ನ ತಂದೋರು ಯಾರು, ಮುಚ್ಚಿಟ್ಟೋರು ಯಾರು, ಆ ಕೈ ನೋಡಿ ಎಳ್ದೋರು ಯಾರು. ನಿಮ್ಮಿಬ್ಬರ ತಪ್ಪನ್ನೂ ತಕ್ಕಡಿಗೆ ಹಾಕ್ತಾರೆ. ಆದ್ರೂ ಗೆಲ್ಲಬಹುದು. ಆದ್ರೆ ಎಳ್ದೋರು ಯಾರು ಅನ್ನೋದು ಪೂರ್ತಿ ಹೊರಗೆ ಬರುತ್ತೆ."

ಹಗ್ಗದಣ್ಣನ ಇಲ್ಲದ ಕೈ ಫ್ಯಾನಿನ ಕಡೆಗೆ ನೆಟ್ಟಗೆ ನಿಂತಿತ್ತು. ಬೇಡ, ಬೇಡ ಎನ್ನುತ್ತಿತ್ತು.

"ಮೊದಲನೇ ದಾರೀಲೇ ಹೋಗೋಣ ಮೇಡಂ," ಎಂದ. "ಯಾರ ತಪ್ಪು ಅಂತ ಕೇಳಲ್ವಲ್ಲ, ಆ ದಾರಿ."

ಕಟಕಟೆ ತಪ್ಪಿತು. ಮೆಟ್ಟಿಲು ತಪ್ಪಲಿಲ್ಲ. ಅಕ್ಕ ಮುಂದೆ ಇಳಿದು ಹೋಗಿದ್ದಳು. ಭಾವಮೈದ ಮಧ್ಯದಲ್ಲಿ ನಿಂತು, ಕೇಳುವ ಕಿವಿಯನ್ನು ಭಾವನ ಕಡೆ ತಿರುಗಿಸಿದ.

"ಭಾವ, ಅವತ್ತು ಯಾಕೆ ಎಡಗೈ ಎತ್ತಿದ್ರಿ?"

ಸುಳ್ಳು ಹೇಳಬಹುದಿತ್ತು. ಗಾಬರಿಯಲ್ಲಿ ಮರೆತೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಬಾಯಿ ತನ್ನ ಪಾಡಿಗೆ ಉತ್ತರ ಕೊಟ್ಟಿತ್ತು.

"ಬಲಗೈ ಖಾಲಿ ಇರ್ಲಿಲ್ಲ ಕಣೋ."

ಹುಡುಗ ತನ್ನ ಬಲಗೈಯನ್ನು ಕಟಕಟೆಯ ಮೇಲಿಟ್ಟವನಂತೆ ಮೆಟ್ಟಿಲಿನ ಕಂಬಿಯ ಮೇಲಿಟ್ಟು, ಎಡಗೈಯನ್ನು ನಿಧಾನ ಮೇಲೆತ್ತಿ ನೋಡಿದ. ಎಡ ಎಳೆ ಎಂದು ತುಟಿ ಅಲುಗಿತು. ಆಮೇಲೆ ಇಳಿದು ಹೋದ, ಅಕ್ಕನನ್ನೂ ದಾಟಿಕೊಂಡು.

ಅವನು ಮತ್ತೆ ಬೋಟಿಗೆ ಹೋಗಲಿಲ್ಲ. ಸಮುದ್ರವಿಲ್ಲದ ಕಡೆ ಯಾವುದೋ ಗೋದಾಮಿನಲ್ಲಿ ಕಂಡೆ ಎಂದು ಒಬ್ಬ ಹೇಳಿದ. ಹುಡುಕಿಕೊಂಡು ಹೋದರೆ ಅಲ್ಲಿಂದಲೂ ಹೋಗಿದ್ದ. ಪರಿಹಾರ ಬಂತು, ಆಸ್ಪತ್ರೆಯ ಸಾಲಕ್ಕೆ ಸರಿಹೋಯಿತು. ಮಾಲೀಕ ಹೊಸ ಗುಂಡಿ ಹಾಕಿಸಿದ. ಹಗ್ಗದಣ್ಣನ ಹೆಂಡತಿ ಈಗಲೂ ತಲೆ ಒರೆಸಲು ಆಚೆ ಬದಿಯಿಂದಲೇ ಬರುತ್ತಾಳೆ. ಕೈ ಇಳಿದಿಲ್ಲ.

ಹೋದದ್ದು ಇಷ್ಟು: ಒಂದು ಬಲಗೈ, ಇಬ್ಬರ ಕೆಲಸ, ಅವಳಿಗಿದ್ದ ಒಬ್ಬನೇ ತಮ್ಮ.