ಅಜ್ಜನ ಪಕ್ಕದ ಜಾಗ

ಬಾತ್ಮಾ ಅಜ್ಜಿ ಸತ್ತ ಮರುದಿನ ಬೆಳಿಗ್ಗೆ ಮುಲ್ಲಾ ಕಾಸಿಮ್ ಊರ ಹಿರಿಯರಿಬ್ಬರನ್ನು ಕಟ್ಟಿಕೊಂಡು ಬಂದ. ನರೀನ್ ಹೊಳೆಯ ದಂಡೆಯ ಆ ಕಿರ್ಗಿಜ್ ಹಳ್ಳಿಯ ವಾಡಿಕೆಯಂತೆ ಅಂಗಳದಲ್ಲಿ ಕಂಬಳಿಯ ಗುಡಾರ ಎದ್ದಿತ್ತು. ಒಳಗೆ ಅಜ್ಜಿಯ ಹೆಣ, ಅದರ ಪಕ್ಕದಲ್ಲಿ ಹಾಡಿ ಹಾಡಿ ಅಳುವ ಹೆಂಗಸರು. ಅಜ್ಜಿಯ ಮೊಮ್ಮಗಳು ಜಿಪಾರಾಳನ್ನು ಮುಲ್ಲಾ ಹೊರಗೆ ಕರೆಸಿದ. ಸಮಾಧಾನ ಹೇಳುವುದಕ್ಕಂತೂ ಅಲ್ಲ.

ಊರ ಖಬರಸ್ತಾನದಲ್ಲಿ ಕ್ರೈಸ್ತಳಿಗೆ ಜಾಗವಿಲ್ಲ ಎಂದ. ಆದರೆ ಕೊನೆಯುಸಿರಿನ ಹೊತ್ತಿಗೆ ಮುದುಕಿ ಯೇಸುವನ್ನು ಬಿಟ್ಟು ಕಲ್ಮಾ ಹೇಳಿದಳು ಎಂದು ಕಂಡವರು ಯಾರಾದರೂ ಹೇಳಿದರೆ ಸಾಕಂತೆ. ಆಗ ಹತ್ತಿರ ಇದ್ದವಳು ಜಿಪಾರಾ ಒಬ್ಬಳೇ.

"ನೀನು ಹೂಂ ಅನ್ನು ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದ ಮುಲ್ಲಾ. ಅವನ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಅದಕ್ಕೇ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಚಿಕ್ಕಪ್ಪ ಎರ್ಮೆಕ್ ಅವಳನ್ನು ಕುದುರೆ ಲಾಯದ ಹಿಂದಕ್ಕೆ ಎಳೆದುಕೊಂಡು ಹೋದ. ಅವನಿಗೆ ಯಾವ ದೇವರ ಗೊಡವೆಯೂ ಇರಲಿಲ್ಲ, ತಾಯಿಯೆಂದರೆ ಮಾತ್ರ ಪ್ರಾಣ. "ಅಮ್ಮ ಬಾಯಿಬಿಟ್ಟು ಕೇಳಿದ್ದು ಅದೊಂದೇ ಅಲ್ವೇನೆ, ಅಪ್ಪನ ಪಕ್ಕ ಮಲಗಬೇಕು ಅಂತ. ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಅದು ನಿಜ. ಅಜ್ಜನ ಗೋರಿಯ ಕಳೆ ಕೀಳಲು ಹೋದಾಗಲೆಲ್ಲ ಅಜ್ಜಿ ಪಕ್ಕದ ನೆಲವನ್ನೂ ಹಸನು ಮಾಡಿ ಬರುತ್ತಿದ್ದಳು. ಜಿಪಾರಾ ಲಾಯದ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು.

ಆದರೆ ಎಂಥ ಹೆಂಗಸು ಅವಳು! ಹಸುವಿನ ಹಾಲು ಕರೆಯುತ್ತಲೇ ದೇವರ ಜೊತೆ ಗಟ್ಟಿಯಾಗಿ ಮಾತಾಡುವಳು. ಊರವರ ಹೆಸರು ಹಿಡಿದು ಒಬ್ಬೊಬ್ಬರಿಗಾಗಿಯೂ ಬೇಡುವಳು. ಹಾಲು ನಿಂತರೂ ಪ್ರಾರ್ಥನೆ ನಿಲ್ಲುತ್ತಿರಲಿಲ್ಲ. ಈಸ್ಟರ್ ಬಂತೆಂದರೆ ಎಣ್ಣೆಯಲ್ಲಿ ಕರಿದ ಬೋರ್ಸೋಕನ್ನು ಬುಟ್ಟಿ ತುಂಬಿಕೊಂಡು ಮನೆಮನೆಗೂ ಹಂಚುವಳು. ಕೆಲವರು ಅವಳ ಕಣ್ಣೆದುರೇ ಅದನ್ನು ನಾಯಿಗೆ ಎಸೆದರು. "ಎಸೀಲಿ ಬಿಡೆ, ನಾಯಿಗೂ ಹಬ್ಬ ಬೇಡ್ವಾ?" ಎಂದು ನಕ್ಕು, ಮರುವರ್ಷ ಅದೇ ಬಾಗಿಲಿಗೆ ಹೋದಳು. ಯೇಸುವನ್ನು ಬಿಟ್ಟೆ ಅಂತ ಬಾಯಲ್ಲಿ ಅಂದುಬಿಡು, ಮನಸ್ಸಲ್ಲಿ ಇಟ್ಟುಕೋ ಎಂದು ಮಗ ಗೋಗರೆದಾಗ ಅಜ್ಜಿ ಸಿಡಿದಿದ್ದಳು: "ಗಂಡನ್ನ ಮನಸ್ಸಲ್ಲಿ ಇಟ್ಕೊಂಡು, ಬೀದೀಲಿ ಅವನ್ಯಾರೋ ಗೊತ್ತಿಲ್ಲ ಅನ್ನಲಾ?"

ಅಂಥವಳ ಬಾಯಿ ಮುಚ್ಚಿದ ಮೇಲೆ ಅದರೊಳಗೆ ಸುಳ್ಳು ತುರುಕಬೇಕೆ? ಜಿಪಾರಾ ಮುಖ ಒರೆಸಿಕೊಂಡು ಮುಲ್ಲಾನ ಎದುರು ಹೋಗಿ ನಿಂತಳು.

"ಅಜ್ಜಿ ಯೇಸುವಿನ ಹೆಸರು ಹೇಳ್ತಾನೇ ಹೋದಳು. ನಿಮ್ಮ ಹೆಸರೂ ಹೇಳಿದಳು ಕಾಸಿಮ್ ಮಾಮ, ನಿಮ್ಮ ಮಂಡಿನೋವು ವಾಸಿಯಾಗಲಿ ಅಂತ. ಬೇರೆ ಏನೂ ನನ್ನ ಬಾಯಲ್ಲಿ ಬರಲ್ಲ. ಜಾಗ ನೀವೇ ಇಟ್ಕೊಳ್ಳಿ."

ಮುಲ್ಲಾ ಕುದುರೆ ಹತ್ತಿ ಹೊರಟುಹೋದ. ಎರ್ಮೆಕ್ ಅವಳ ಮುಖ ನೋಡಲಿಲ್ಲ. ಸನಿಕೆ ಹಿಡಿದು ಅಂಗಳದ ಗೋಡೆಯಾಚೆಯ ಆಲೂಗಡ್ಡೆ ಹೊಲದಲ್ಲಿ ಅಗೆಯತೊಡಗಿದ. ಪಕ್ಕದೂರಿನ ನಾಲ್ಕಾರು ಕ್ರೈಸ್ತರು ಕೈಜೋಡಿಸಿದರು. ಊರ ಗಂಡಸರು ಬಂದರು, ಬಂದು ಓಣಿಯಲ್ಲಿ ನಿಂತು ನೋಡಿದರು, ಅಷ್ಟೇ. ಮುಲ್ಲಾನೂ ಬಂದ, ಕುದುರೆಯ ಮೇಲಿಂದ ಇಳಿಯಲಿಲ್ಲ. ಅಲ್ಲಿ ಹೆಂಗಸರು ಗುಂಡಿಯ ತನಕ ಹೋಗುವುದಿಲ್ಲ. ಜಿಪಾರಾ ಹೋದಳು. ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ಹೆಣ ಇಳಿಸುವ ಮುನ್ನ ಮನೆಯ ಗಂಡಸು ನೆರೆದವರನ್ನು ಕೇಳಬೇಕು, ಇವಳು ಎಂಥವಳಾಗಿದ್ದಳು ಎಂದು. ಒಳ್ಳೆಯವಳು ಎಂದು ಊರವರೆಲ್ಲ ಒಟ್ಟಿಗೆ ಕೂಗಬೇಕು. ಯಾರೂ ಬಾಯಿ ಬಿಡದಿದ್ದರೆ ಸತ್ತವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಆ ಭಯಕ್ಕೇ ಎರ್ಮೆಕ್ ತಲೆ ಎತ್ತದೆ ನಿಂತಿದ್ದ.

"ನಮ್ಮಜ್ಜಿ ಎಂಥವಳಾಗಿದ್ದಳು?" ಜಿಪಾರಾ ಓಣಿಯ ಕಡೆ ತಿರುಗಿ ಗಟ್ಟಿಯಾಗಿ ಕೇಳಿದಳು.

ಗಂಡಸರು ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು. ಅಷ್ಟರಲ್ಲಿ ಅಂಗಳದ ಗೋಡೆಯ ಒಳಗಿನಿಂದ, ಹೆಂಗಸರ ಅತ್ತು ಅತ್ತು ಒಡೆದ ದನಿಗಳು ಒಟ್ಟಿಗೆ ಎದ್ದವು: "ಒಳ್ಳೆಯವಳು!"

ಏನನ್ನೋ ಹತ್ತಿ ನಿಂತು, ಗೋಡೆಯ ಮೇಲೆ ತಲೆ ತೋರಿಸಿದವಳು ಮುಲ್ಲಾನ ಮುದಿ ತಾಯಿ.

"ಇನ್ನೊಂದ್ಸಲ ಕೇಳೇ ಹುಡುಗಿ," ಎಂದಳು, "ನನ್ನ ಮಗನಿಗೆ ಕೇಳಿಸ್ಲಿಲ್ಲ."

ಜಿಪಾರಾ ಮುಲ್ಲಾನ ಮುಖವನ್ನೇ ನೋಡುತ್ತ ಇನ್ನೊಂದು ಸಲ ಕೇಳಿದಳು.