ನಲವತ್ತನೆಯವಳನ್ನು ಹುಡುಕಿಸಿದವರು

ಸೈರಾಕಾನ್ ಎಜೆಗಿಂತ ಮೊದಲು ಅವರ ಸಿಟ್ಟು ತರಗತಿಗೆ ಬರುತ್ತಿತ್ತು. ಅಧ್ಯಾಪಕಿಯರನ್ನು ನಾವು ಎಜೆ, ಅಂದರೆ ಅಕ್ಕ, ಎಂದೇ ಕರೆಯುವುದು. ಗಂಡಸರ ಬೂಟು ತೊಟ್ಟು, ಮೊಣಕೈ ಸವೆದ ಬೂದುಬಣ್ಣದ ಕೋಟಿನ ಜೇಬಿನಲ್ಲಿ ಸೀಮೆಸುಣ್ಣವನ್ನು ಕಟಕಟನೆ ಮುರಿಯುತ್ತಾ ಅವರು ಬಂದರೆಂದರೆ, ಮನಶ್ಶಾಸ್ತ್ರ ಕಲಿಯಲು ಬೆಟ್ಟಗಳ ನಡುವಿನ ನರಿನ್ ಪಟ್ಟಣಕ್ಕೆ ಬಂದು ಸಂಖ್ಯಾಶಾಸ್ತ್ರದ ಕೈಗೆ ಸಿಕ್ಕಿಬಿದ್ದ ನಾವು ಇಪ್ಪತ್ತು ಹುಡುಗಿಯರು ಉಸಿರು ಬಿಗಿಹಿಡಿಯುತ್ತಿದ್ದೆವು. ನಾವು ಯಾವ ಅಂಕಿ ಬರೆದರೂ ಅವರದು ಒಂದೇ ಪ್ರಶ್ನೆ: “ಯಾರನ್ನ ಕೇಳ್ದೆ?”

ನಾನು ಕೇಳಿದ್ದು ಹೊಸದಾಗಿ ಹೆತ್ತ ನಲವತ್ತು ಸೊಸೆಯಂದಿರನ್ನು, ಅವರವರ ಮನೆಗೇ ಹೋಗಿ. ಹೆರಿಗೆ ಆಸ್ಪತ್ರೆಯಲ್ಲಿ ಅವರ ದುಃಖ ಕೇಳಿಸಿಕೊಳ್ಳಲೆಂದು ಒಂದು ಸಣ್ಣ ಕೋಣೆಯಿತ್ತು. ಅದು ಬೇಕೋ ಬೇಡವೋ ಎಂದು ತೀರ್ಮಾನಿಸಲು ಮೇಲಿನವರು ನಮ್ಮ ಸಮೀಕ್ಷೆಗೆ ಕಾಯುತ್ತಿದ್ದರು. ಪ್ರಶ್ನಾವಳಿಯಲ್ಲಿ ದುಃಖದ ಗರಿಷ್ಠ ಅಂಕ ಮೂವತ್ತು. ಮೂವತ್ತೊಂಬತ್ತು ಜನ ಸೊನ್ನೆಯ ಆಸುಪಾಸಿನಲ್ಲಿದ್ದರು, ಒಬ್ಬಳು ಇಪ್ಪತ್ತೆಂಟು. ಗುಂಪಿನಿಂದ ದೂರ ಬಿದ್ದ ಅಂಕಿಯನ್ನು ಬಿಡಬಹುದೆಂದು ಎಲ್ಲೋ ಓದಿದ್ದೆ, ಬಿಟ್ಟೆ. ನಕ್ಷೆ ಅಂದವಾಗಿ ಬಂತು. ಕೋಣೆ ಬೇಡ ಎಂದು ಕೆಳಗೆ ಬರೆದೆ.

“ಯಾರನ್ನ ಕೇಳ್ದೆ?”

“ಸೊಸೆಯಂದಿರನ್ನ, ಎಜೆ.”

“ಆಗ ಅತ್ತೆ ಎಲ್ಲಿದ್ಲು?”

“ಅಲ್ಲೇ, ಮೇಜಿನ ಮುಂದೆ. ಸೊಸೆ ಚಹಾ ಬಗ್ಗಿಸ್ತಿದ್ಲು, ಕೈ ಬಿಡುವಿರ್ಲಿಲ್ಲ. ಅದಕ್ಕೆ ನಾನು ಪ್ರಶ್ನೆ ಓದ್ದೆ, ಅತ್ತೆ ಉತ್ತರ ಹೇಳಿದ್ರು, ಸೊಸೆ ತಲೆಯಾಡಿಸಿದ್ಲು.”

“ಆ ಇಪ್ಪತ್ತೆಂಟರವಳ ಮನೇಲಿ?”

“ಅತ್ತೆ ಯಾರದೋ ಸಾವಿನ ಮನೆಗೆ ಹೋಗಿದ್ರು. ಅವಳೇ ಬರೆದ್ಲು.”

ಅವರ ಮುಖ ಕೆಂಡವಾಯಿತು. “ಕತ್ತೆ! ಅತ್ತೆ ಎದುರು ನಮ್ಮೂರ ಸೊಸೆ ಕೆಮ್ಮೋದೂ ಇಲ್ಲ ಅಂತ ನಿಂಗೊತ್ತಿಲ್ವಾ? ನೀನೇನು ಆಕಾಶದಿಂದ ಉದುರಿದ್ಯಾ? ಮೂವತ್ತೊಂಬತ್ತು ಅತ್ತೆಯರನ್ನ ಕೇಳ್ಕೊಂಡು ಬಂದಿದ್ದೀಯ. ಬಾಯಿಬಿಟ್ಟ ಒಬ್ಬಳೇ ಒಬ್ಬಳ ಬಾಯಿ ಮುಚ್ಚಿಸಿದ್ದೀಯ!” ನನಗೂ ಸಿಟ್ಟು ಬಂದಿತ್ತು, ಅತ್ತೆಯ ರೊಟ್ಟಿ ತಿಂದು ಅತ್ತೆಯನ್ನೇ ಹೊರಗೆ ಕಳಿಸುವುದು ಯಾವ ಮರ್ಯಾದೆ ಎಂದು ಗೊಣಗಿದೆ. “ಮರ್ಯಾದೆ ನಿನ್ನ ಹೊಟ್ಟೆಗಾಯ್ತು, ಅವಳಿಗೇನಾಯ್ತು?” ಎಂದರು. ಆ ಕ್ಷಣವೇ ನನ್ನನ್ನು ಅವಳ ಮನೆಗೆ ಎಳೆದುಕೊಂಡು ಹೊರಟರು.

ಇಪ್ಪತ್ತೆಂಟರವಳ ಹೆಸರು ಉಮ್ಸುನಾಯ್. ಮಗುವನ್ನು ಎದೆಗವಚಿಕೊಂಡು ಗೇಟಿನಲ್ಲೇ ನಿಂತಿದ್ದಳು. ನನ್ನ ಗುರುತು ಹಿಡಿದು ಮೆಲ್ಲಗೆ ಕೇಳಿದಳು: “ನನ್ನ ಕಾಗದ ಓದಿದ್ರಾ? ಓದಿದ್ಮೇಲೆ ಯಾರಾದ್ರೂ ಬರ್ತಾರೆ ಅಂದ್ಕೊಂಡಿದ್ದೆ. ಹನ್ನೊಂದು ದಿನ ಆಯ್ತು.”

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಎಜೆ ಮಗುವನ್ನು ತಮ್ಮ ತೋಳಿಗೆ ತೆಗೆದುಕೊಂಡರು, ಒಳಗಿದ್ದ ಅತ್ತೆಗೆ ಆಸ್ಪತ್ರೆಗೆ ಹೋಗುತ್ತೇವೆಂದು ಗಟ್ಟಿಯಾಗಿ ಕೂಗಿ ಹೇಳಿದರು, ಉತ್ತರಕ್ಕೆ ಕಾಯಲಿಲ್ಲ.

ಉಳಿದ ಮೂವತ್ತೊಂಬತ್ತು ಮಂದಿಯನ್ನು ನೀರಿನ ಪಂಪಿನ ಬಳಿ ಒಬ್ಬೊಬ್ಬರಾಗಿ, ಹೆಸರಿಲ್ಲದ ಮಡಿಸಿದ ಕಾಗದದಲ್ಲಿ ಮತ್ತೆ ಕೇಳಿದೆವು. ಹದಿನೇಳು ಮಂದಿಯ ಅಂಕ ಇಪ್ಪತ್ತು ದಾಟಿತ್ತು. ಹಳೆಯ ಕಾಗದಗಳನ್ನೂ ಬೆರೆಸಿ ಸರಾಸರಿ ತೆಗೆಯಿರಿ, ಊರಿನ ಹೆಸರು ಉಳಿಯುತ್ತದೆ ಎಂದು ಬುದ್ಧಿ ಹೇಳಲು ಬಂದ ದೊಡ್ಡ ಮನುಷ್ಯರನ್ನು ಎಜೆ ಬಾಗಿಲಿನಿಂದಾಚೆಗೆ ಅಟ್ಟಿದರು. ಕೋಣೆ ಉಳಿಯಿತು. ನನ್ನನ್ನು ಮಾತ್ರ ಆ ವರ್ಷ ನಪಾಸು ಮಾಡಿದರು.

ಇಂಥವರನ್ನು ಲೋಕ ಮುಂಗೋಪಿಗಳೆಂದು ದೂರವಿಡುತ್ತದೆ. ಯಾರ ಮನಸ್ಸನ್ನೂ ನೋಯಿಸದ, ಎಲ್ಲ ಲೆಕ್ಕವೂ ಸರಿಯಿದೆಯೆಂದು ನಗುವ ನಮ್ಮಂಥ ಸೌಮ್ಯರನ್ನು ಮೇಜಿಗೆ ಕರೆದು ಚಹಾ ಕೊಡುತ್ತದೆ. ಆದರೆ ಗೇಟಿನಲ್ಲಿ ನಿಂತವರು ಕಾಯುವುದು ನಮಗಾಗಿ ಅಲ್ಲ.